ದರ್ಜಿಯ ಮೈ ಸೇರಿದ ಕಬ್ಬಿಣ

ನಲವತ್ತಾರು ವರ್ಷದ ದರ್ಜಿಯೊಬ್ಬನಿಗೆ ಮೊದಲು ಕೈಕೊಟ್ಟದ್ದು ಬೆರಳ ಗೆಣ್ಣುಗಳು. ಕೋಟಿನ ದಪ್ಪ ಬಟ್ಟೆಗೆ ಕತ್ತರಿ ಹಾಕಿದರೆ ಜೀವ ಹೋಗುವಂಥ ನೋವು. ಆಮೇಲೆ ಸುಸ್ತು. ಮೈಬಣ್ಣ ಬೇರೆ ಕಂಚಿನಂತೆ ಕಪ್ಪಾಗುತ್ತ ಬಂತು. "ಬಿಸಿಲೇ ಕಾಣದ ಅಂಗಡೀಲಿ ಕೂತು ಹೇಗಪ್ಪ ಇಷ್ಟು ಕಪ್ಪಾದೆ?" ಎಂದು ಗಿರಾಕಿಗಳು ನಗುತ್ತಿದ್ದರು.

ಹೆಂಡತಿಗೆ ನಗು ಬರಲಿಲ್ಲ. "ನಿಮಗೆ ರಕ್ತ ಕಡಿಮೆಯಾಗಿದೆ," ಎಂದು ತಾನೇ ತೀರ್ಮಾನಿಸಿ, ಕಬ್ಬಿಣದ ಟಾನಿಕ್ ತಂದು ಎರಡು ಹೊತ್ತೂ ಎದುರು ನಿಂತು ಕುಡಿಸಿದಳು. ಆರು ತಿಂಗಳು ಕುಡಿದ. ಗುಣವಾಗುವ ಬದಲು ತಾಳಲಾರದ ಬಾಯಾರಿಕೆ ಶುರುವಾಯಿತು. ಒಂದು ಪ್ಯಾಂಟು ಹೊಲಿದು ಮುಗಿಸುವಷ್ಟರಲ್ಲಿ ಮೂರು ಸಲ ಮೂತ್ರಕ್ಕೆ ಏಳಬೇಕು. ಊರವರ ಅಳತೆ ತೆಗೆಯುವವನ ಸ್ವಂತ ಪ್ಯಾಂಟೇ ಸೊಂಟದಿಂದ ಜಾರತೊಡಗಿತು.

ಡಾಕ್ಟರಮ್ಮ ಸಕ್ಕರೆ ನೋಡಿದರು: ಮುನ್ನೂರ ಎಂಬತ್ತು. ಅಷ್ಟಕ್ಕೇ ಬಿಡದೆ ಅವನ ಗೆಣ್ಣು ಒತ್ತಿ, ಚರ್ಮ ದಿಟ್ಟಿಸಿ, ಇನ್ನೊಂದು ರಕ್ತಪರೀಕ್ಷೆಗೆ ಬರೆದರು. ವರದಿ ಬಂದ ದಿನ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತರು.

"ಊಟದಲ್ಲಿರೋ ಕಬ್ಬಿಣಾನ ನಿಮ್ಮ ಕರುಳು ಬೇಕಾದ್ದಕ್ಕಿಂತ ಜಾಸ್ತಿ ಹೀರ್ಕೊಳ್ಳುತ್ತೆ. ಹೆಚ್ಚಾದ್ದನ್ನ ಹೊರಗೆ ಹಾಕೋಕೆ ದೇಹಕ್ಕೆ ದಾರಿ ಇಲ್ಲ. ಅದು ಗೆಣ್ಣಲ್ಲಿ, ಚರ್ಮದಲ್ಲಿ, ಲಿವರಲ್ಲಿ, ಮೇದೋಜೀರಕ ಗ್ರಂಥೀಲಿ ಹೋಗಿ ಕೂತಿದೆ. ಇನ್ಸುಲಿನ್ ಮಾಡೋ ಜೀವಕೋಶಗಳು ಆ ಗ್ರಂಥೀಲೇ ಇರೋದು. ಅವು ಹಾಳಾಗಿವೆ. ಅದಕ್ಕೇ ಸಕ್ಕರೆ ಕಾಯಿಲೆ."

"ಟಾನಿಕ್ ಕುಡಿಸಿದ್ದು ನಾನೇ," ಎಂದಳು ಹೆಂಡತಿ.

"ಇದು ಹುಟ್ಟಿನಿಂದಲೇ ಬಂದಿದ್ದಮ್ಮ. ಟಾನಿಕ್ ಇವತ್ತೇ ನಿಲ್ಲಿಸಿ. ವಾರಕ್ಕೊಮ್ಮೆ ರಕ್ತ ತೆಗೀತೀವಿ, ಅದರ ಜೊತೆ ಕಬ್ಬಿಣಾನೂ ಇಳಿಯುತ್ತೆ. ಸಕ್ಕರೆಗೆ ಇನ್ಸುಲಿನ್ ಮಾತ್ರ ದಿನಾ ಚುಚ್ಚಿಸ್ಕೊಳ್ಳಲೇಬೇಕು. ಇವರಿಗೆ ಒಡಹುಟ್ಟಿದವರು ಇದ್ದಾರಾ? ಅವರಿಗೂ ಇರಬಹುದು, ಪರೀಕ್ಷೆ ಮಾಡಿಸಬೇಕು."

ಇದ್ದಳು, ಒಬ್ಬಳೇ ತಂಗಿ, ಪಕ್ಕದ ಬೀದಿಯ ಶಾಲೆಯಲ್ಲಿ ಟೀಚರ್. ತನ್ನ ವರದಿಯನ್ನು ಮಡಚಿಡುವ ಮೊದಲೇ ಅವನು ಅವಳಿಗೆ ಫೋನ್ ಮಾಡಿದ.

"ನಂಗೇನಾಗಿದೆ ಅಣ್ಣ, ಗುಂಡುಕಲ್ಲಿನ ಹಾಗಿದೀನಿ," ಎಂದು ಅವಳು ಪರೀಕ್ಷೆಯನ್ನು ಎರಡು ವಾರ ಮುಂದೆ ತಳ್ಳಿದಳು. ಕೊನೆಗೆ ಅವನೇ ಅಂಗಡಿ ಮುಚ್ಚಿ, ಶಾಲೆಯ ಗೇಟಿನಲ್ಲಿ ಕಾದು ನಿಂತು ಕರೆದೊಯ್ದ. ವರದಿ ಬರುವವರೆಗಿನ ಮೂರು ದಿನ ಅವನು ಒಂದೇ ಕೋಟಿನ ತೋಳನ್ನು ತಿರುಗುಮುರುಗಾಗಿ ಹೊಲಿದ, ಬಿಚ್ಚಿದ, ಮತ್ತೆ ಹೊಲಿದ. ಫೋನ್ ರಿಂಗಾದಾಗಲೆಲ್ಲ ಸೂಜಿ ಬಿಟ್ಟು ಓಡುತ್ತಿದ್ದ.

ತಂಗಿಯ ಮೈಯಲ್ಲೂ ಕಬ್ಬಿಣ ಹೆಚ್ಚಿತ್ತು. ಸಕ್ಕರೆ ಮಾತ್ರ ಸರಿಯಾಗಿತ್ತು. ಗ್ರಂಥಿಗೆ ಇನ್ನೂ ಏಟು ಬಿದ್ದಿರಲಿಲ್ಲ.

ಈಗ ವಾರಕ್ಕೊಮ್ಮೆ ರಕ್ತ ತೆಗೆಸಲು ಇಬ್ಬರೂ ಆಸ್ಪತ್ರೆಯ ಅಕ್ಕಪಕ್ಕದ ಮಂಚಗಳಲ್ಲಿ ತೋಳು ಚಾಚಿ ಮಲಗುತ್ತಾರೆ. "ಕೋಟಿಗೆ ಸೂಜಿ ಚುಚ್ಚೋಕೆ ಹೆದರದೋನು ನೋಡು, ಹೇಗೆ ಕಣ್ಣು ಮುಚ್ಕೊಂಡಿದಾನೆ," ಎಂದು ತಂಗಿ ನರ್ಸಿಗೆ ಹೇಳುತ್ತಾಳೆ. ಅವನು ನಗುವುದಿಲ್ಲ. ಅವಳ ರಕ್ತದ ಚೀಲ ತುಂಬಿತೇ ಎಂದು ಒಂದು ಕಣ್ಣು ತೆರೆದು ನೋಡುತ್ತಾನೆ.