ಹಾರಿಸಿದ ಎರಡು ಹಾಳೆ

ಶ್ರಾವಣ ಬಂತೆಂದು ಮೊನ್ನೆ ಪುರಾಣದ ಪುಸ್ತಕಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿದೆ. ಹುಳ ಹತ್ತದಿರಲೆಂದು ಹಾಳೆಗಳ ನಡುವೆ ಇಟ್ಟಿದ್ದ ಬೇವಿನೆಲೆಯ ಒಣ ಘಾಟು ಮೂಗಿಗೆ ಬಡಿಯಿತು. ನಿಮಗದು ಬೇವಿನ ವಾಸನೆ. ನನಗೆ ಪುರಾಣದ ಪುಸ್ತಕದಲ್ಲಿ ಹೀಗೇ ಬೇವಿನೆಲೆ ಇಡುತ್ತಿದ್ದ ಶಹಾಬಾದಿನ ನೀಲಮ್ಮ ಅತ್ತೆಯ ನೆನಪು.

ಅತ್ತೆಯೆಂದರೆ ನನ್ನಪ್ಪನ ಅಕ್ಕ. ನಾನು ಹೊಸದಾಗಿ ಮಾಸ್ತರಿಕೆ ಹಿಡಿದು ಆಕೆಯ ಮನೆಯಲ್ಲಿ ಉಳಿದಿದ್ದೆ. ನೌಕರಿಯೂ ಹೊಸದು, ಗತ್ತೂ ಹೊಸದು. ಐವತ್ತು ದಾಟಿದ ಅತ್ತೆ ಒಂದು ಮಧ್ಯಾಹ್ನ ಎದುರಿಗೆ ಕೂತು, "ನನಗ ಓದಲಿಕ್ಕೆ ಕಲಸೋ ತಮ್ಮಾ" ಎಂದಳು. ನಾನು ನೆಲದ ಫರಸಿ ಕಲ್ಲಿನ ಮೇಲೆ ಸುಣ್ಣದ ಕಡ್ಡಿಯಿಂದ ದೊಡ್ಡದೊಂದು ಅಕ್ಷರ ಬರೆದೆ. "ಇದು ಅ. ಅ ಅಂದ್ರ ಅರಸ."

"ಅರಸನ ಕೂಡ ನಂದೇನು ಕೆಲಸ? ಪುರಾಣ ತಗಿ. ಅದರಾಗ ಏನ್ ಬರದಾರ, ಅದನ್ನ ತೋರಸು."

ಆ ಮನೆಯಲ್ಲಿ ಶ್ರಾವಣದ ಸಂಜೆಗಳಲ್ಲಿ ಆಕೆಯ ಭಾವ ಶರಣಪ್ಪನವರು ಪುರಾಣ ಓದುವುದು, ಹೆಂಗಸರು ಅಡುಗೆಮನೆಯ ಗೋಡೆಗೆ ಒರಗಿ ಕೇಳುವುದು ಪದ್ಧತಿ. ಮೂವತ್ತು ಶ್ರಾವಣ ಕೇಳಿದ ಅತ್ತೆಗೆ ಎಲ್ಲ ಬಾಯಿಪಾಠ. ಇನ್ನು ಬಾಯಲ್ಲಿದ್ದುದನ್ನು ಕಾಗದದ ಮೇಲೆ ಗುರುತು ಹಿಡಿದರಾಯಿತು, ಸಂತೆಯಲ್ಲಿ ತನ್ನ ಎಮ್ಮೆ ಗುರುತಿಸಿದ ಹಾಗೆ! ನನ್ನ ಟ್ರೈನಿಂಗೆಲ್ಲ ನೀರಿಗೆ ಬಿತ್ತು.

"ಈ ವಯಸ್ಸಿನ್ಯಾಗ ಓದಿ ತಹಸೀಲ್ದಾರ ಆಗ್ತಿಯೇನು ನೀಲವ್ವಾ?" ಶರಣಪ್ಪನವರು ಕೆಣಕಿದರು.

"ಏನೂ ಆಗಲ್ರಿ ಭಾವ. ಓದ್ತೀನಿ, ಅಷ್ಟೇ."

ಬಾಯಿಪಾಠ ಹೇಳುತ್ತ ಸಾಲಿನ ಮೇಲೆ ಸರಿಸುತ್ತಿದ್ದ ಆಕೆಯ ಬೆರಳು ಒಂದು ದಿನ ಗಕ್ಕನೆ ನಿಂತಿತು. ಬಾಯಿ ಮಂಗಳಕ್ಕೆ ಇಳಿದಿತ್ತು, ಕಾಗದ ಬೇರೇನೋ ಹೇಳುತ್ತಿತ್ತು. "ತಮ್ಮಾ, ಇದು ನಾ ಕೇಳೇ ಇಲ್ಲಲ್ಲೋ!" ಭಕ್ತೆಯೊಬ್ಬಳು ಗುರುವಿಗೆ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ, ಗುರು ಸುಮ್ಮನಾಗುವ ಕಥೆ. ಪೂರ್ತಿ ಎರಡು ಹಾಳೆ. ಆ ಅಧ್ಯಾಯ ಬರುತ್ತಿದ್ದುದು ಕಡೆಯ ಸೋಮವಾರ; ಅಂದು ಮನೆಯಲ್ಲಿ ಗೋದಿ ಹುಗ್ಗಿ. ವಾಸನೆ ಬರುತ್ತಲೇ ಶರಣಪ್ಪನವರು ಎರಡು ಹಾಳೆ ಹಾರಿಸಿ ಮಂಗಳ ಹಾಡುತ್ತಿದ್ದರು. ಮೂವತ್ತು ವರ್ಷ!

ಅತ್ತೆ ಪುಸ್ತಕಕ್ಕೆ ಬಟ್ಟೆ ಸುತ್ತಿಟ್ಟಳು. ಕಡೆಯ ಸೋಮವಾರಕ್ಕೆ ಕಾದಳು. ಹುಗ್ಗಿ ಘಮ್ಮೆಂದಿತು, ಹಾಳೆ ಹಾರಿದವು.

"ನಿಂದರ್ರಿ ಭಾವ. ಎರಡು ಹಾಳಿ ಉಳದಾವ."

ಶರಣಪ್ಪನವರು ಕೈ ಬೀಸಿ, "ಏ, ಅದು ಸಣ್ಣ ವಿಷಯ ಅದ" ಎಂದರು.

"ಸಣ್ಣದಿದ್ರ ಓದಲಿಕ್ಕೆ ಎಷ್ಟೊತ್ತು ಬೇಕ್ರಿ?"

"ಹಂಗಿದ್ರ ನೀನೇ ಓದು!" ಹೆದರಿ ಹಿಂದೆ ಸರಿಯುತ್ತಾಳೆಂದು ಪುಸ್ತಕ ಮುಂದೆ ದೂಡಿದರು.

ಅತ್ತೆ ತಲೆಯ ಮೇಲೆ ಸೆರಗು ಎಳೆದುಕೊಂಡು ಓದಲು ಕೂತಳು. ಕಲ್ಲುದಾರಿಯ ಚಕ್ಕಡಿಯಂತೆ ಅಕ್ಷರಕ್ಕೊಮ್ಮೆ ಕುಲುಕಿ, ತಡವರಿಸಿ, ಹಿಂದೆ ಬಂದು, ಮತ್ತೆ ಮುಂದೆ ಹೋದಳು. ಹುಗ್ಗಿ ತಣ್ಣಗಾಯಿತು. ಗಂಡಸರು ಆಕಳಿಸಿದರು, ಹೆಂಗಸರು ಗೋಡೆ ಬಿಟ್ಟು ಒಬ್ಬೊಬ್ಬರಾಗಿ ಮುಂದೆ ಸರಿದರು. ಗುರು ಸುಮ್ಮನಾದ ಸಾಲು ಮುಟ್ಟಿದ ಮೇಲೆಯೇ ಆಕೆ ತಲೆಯೆತ್ತಿ, "ಈಗ ಮಂಗಳ ಹಾಡ್ರಿ ಭಾವ" ಎಂದಳು.

ಈಗ ಸೇಡಂನ ನಮ್ಮ ಓಣಿಯಲ್ಲಿ ಪುರಾಣ ಓದುವವನು ನಾನೇ. ನಾನೂ ಸಾಚಾ ಅಲ್ಲ. ತಿಳಿಯದ ಶಬ್ದ ಬಂದರೆ ರಾಗ ಎಳೆದು ದಾಟಿಬಿಡುತ್ತಿದ್ದೆ. ನಿನ್ನೆಯೂ ಒಂದು ಬಂತು. ರಾಗ ಗಂಟಲಿಗೆ ಬಂದಿತ್ತು, ನುಂಗಿದೆ.

"ಇದರ ಅರ್ಥ ನನಗ ಗೊತ್ತಿಲ್ರಿ."

"ಮಾಸ್ತರ್ರಾಗಿ ಗೊತ್ತಿಲ್ಲ ಅಂತೀರಲ್ರಿ!" ಪಕ್ಕದ ಮನೆಯವರು ನಕ್ಕರು. "ಹೋಗ್ಲಿ, ಮುಂದ ಓದ್ರಿ. ಭಾಳ ಹೊತ್ತಾಗ್ಯದ."

"ಆಗಲಿ ತಗೋರಿ. ಕುಂದ್ರಿ" ಎಂದು ನಾನು ಶಬ್ದಕೋಶ ತರಲು ಎದ್ದೆ.