ಗೇರು ಕೇಳದ ಗಾಡಿ

ನಾನು ಗೆದ್ದ ವಾದಗಳಲ್ಲಿ ಒಂದು ಈಗ ನಮ್ಮ ಅತ್ತೆಯ ಅಂಗಳದಲ್ಲಿ ನಿಂತಿದೆ. ಬೂದು ಬಣ್ಣ, ನಾಲ್ಕು ಗಾಲಿ, ಕುಳಿತವರ ಬೆನ್ನನ್ನು ತಂಪು ಮಾಡುವ ಚರ್ಮದ ಸೀಟು. ಉಳಿದ ವಾದಗಳೆಲ್ಲ ಗೆದ್ದ ಸಂಜೆಯೇ ಚಪ್ಪಾಳೆಯ ಜೊತೆ ಮುಗಿದುಹೋದವು. 'ವಿಜ್ಞಾನ ವರವೋ ಶಾಪವೋ' ಎಂಬ ವಿಷಯದ ಮೇಲೆ ಒಂದೇ ವರ್ಷ ಎರಡು ಊರಿನಲ್ಲಿ ಎರಡೂ ಕಡೆಗೆ ನಿಂತು ಎರಡು ಕಪ್ಪು ಗೆದ್ದಿದ್ದೇನೆ. ವಿಜ್ಞಾನಕ್ಕೆ ಏನೂ ಆಗಲಿಲ್ಲ. ಇದೊಂದು ವಾದ ಮಾತ್ರ ಗೆದ್ದ ಮೇಲೂ ದಿನಾ ಬೆಳಿಗ್ಗೆ ಸ್ಟಾರ್ಟ್ ಆಗುತ್ತದೆ.

ಅತ್ತೆ ಎಂದರೆ ಅಪ್ಪನ ಅಕ್ಕ, ಗಿರಿಜವ್ವ. ಹಿರೇಕೆರೂರು ತಾಲೂಕಿನಲ್ಲಿ, ಅಬಲೂರಿನ ಹತ್ತಿರ ಅವಳ ಮನೆ. ತರಕಾರಿ ಬೀಜ ಮಾಡಿಸುವುದು ಅವಳ ಉದ್ಯೋಗ. ಹಾನಗಲ್ಲು, ಶಿಗ್ಗಾಂವಿ, ಸವಣೂರು ಕಡೆಯ ರೈತರು ಅವಳಿಗಾಗಿ ಬದನೆ, ಮೆಣಸಿನಕಾಯಿಯ ಬೀಜ ಬೆಳೆಯುತ್ತಾರೆ. ಒಂದು ಗಿಡದ ಹೂವಿನ ಪುಡಿಯನ್ನು ಇನ್ನೊಂದು ಗಿಡದ ಹೂವಿಗೆ ಕೈಯಿಂದ ಮುಟ್ಟಿಸುವ ನಾಜೂಕು ಕೆಲಸ ಅದು. ಯಾವ ಹೂವು ಯಾವ ಮುಂಜಾನೆ ತಯಾರಾಗಿದೆ ಎಂಬುದನ್ನು ಫೋನಿನಲ್ಲಿ ತಿಳಿಯಲಾಗುವುದಿಲ್ಲ, ಹೋಗಿಯೇ ನೋಡಬೇಕು. ಹಾಗಾಗಿ ನನಗೆ ಬುದ್ಧಿ ಬಂದಾಗಿನಿಂದ ಅತ್ತೆ ಎಂದರೆ ಜೀಪಿನ ಸ್ಟೇರಿಂಗಿನ ಹಿಂದೆ ಕಾಣುವ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಒಂದು ಪಕ್ಕನೋಟ. ಅವಳು ನನ್ನನ್ನು ಕರೆಯುವುದು 'ಕಪ್ಪವ್ವ' ಎಂದು. ಕೇಳಿದವರು ನನ್ನ ಬಣ್ಣದ ಮಾತೆಂದುಕೊಂಡು ಮುಜುಗರ ಪಡುತ್ತಾರೆ. ಅದು ನನ್ನ ಬಹುಮಾನಗಳ ಮಾತು. ಬಣ್ಣಕ್ಕೂ ಹೊಂದುತ್ತದೆ ಎನ್ನುವುದು ಕಾಕತಾಳೀಯ.

ಅತ್ತೆಯ ಎಡ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. ಇನ್ನು ಕ್ಲಚ್ ತುಳಿಯುವಂತಿಲ್ಲ ಎಂದರು ಡಾಕ್ಟರು. ಮನೆಯವರೆಲ್ಲ ಸೇರಿ ಅವಳನ್ನು ಆಟೋಮ್ಯಾಟಿಕ್ ಗಾಡಿಗೆ ಒಪ್ಪಿಸುವ ಕೆಲಸವನ್ನು ನನಗೆ ವಹಿಸಿದರು. ನಾನು ಕಟ್ಟೆಯ ಮೇಲೆ ನಿಂತು ಮೂರು ಅಂಶ ಮಂಡಿಸಿದೆ. ಎಡಗಾಲಿಗೆ ಕೆಲಸವಿಲ್ಲ. ಎಡಗೈಗೂ ಕೆಲಸವಿಲ್ಲ. ಒಳಗೆ ಕುಳಿತರೆ ಹೊರಗಿನ ಒಂದು ಸಪ್ಪಳವೂ ಕೇಳಿಸದು. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಾ ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಹಾಕಿದಳು.

"ಎಲ್ಲಾ ಖರೆ. ಆದ್ರ ಅದು ಗೇರ್ ಕೇಳತೈತೇನು?"

"ಕೇಳೂದ ಇಲ್ಲತ್ತಿ! ತನಗ ಬೇಕಾದ್ದು ತಾನ ಹಾಕ್ಕೋತೈತಿ!" ಎಂದೆ ನಾನು, ಕೊನೆಯ ಗಂಟೆಗೆ ಮುಂಚೆ ಬ್ರಹ್ಮಾಸ್ತ್ರ ಬಿಟ್ಟವಳ ಹಾಗೆ.

"ಆತು ಬಿಡವಾ. ನೀ ಗೆದ್ದಿ," ಎಂದಳು. ಆ ದನಿಯಲ್ಲಿ ಏನೋ ಇತ್ತು. ಗೆದ್ದವರು ದನಿಯನ್ನೆಲ್ಲ ಎಲ್ಲಿ ಗಮನಿಸುತ್ತಾರೆ?

ಇಲ್ಲಿ ನಮ್ಮ ಕಡೆಯ ಮಾತಿನ ಒಂದು ಗುಟ್ಟನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಏರಿನಲ್ಲಿ ಇಂಜಿನ್ನು ಏದುಸಿರು ಬಿಡತೊಡಗಿದರೆ ನಮ್ಮ ಡ್ರೈವರುಗಳು 'ಗಾಡಿ ಗೇರ್ ಕೇಳಾಕತ್ತೈತಿ' ಅನ್ನುತ್ತಾರೆ. ಗಾಡಿ ಕೇಳುತ್ತದೆ, ಮನುಷ್ಯ ಕೊಡುತ್ತಾನೆ. ಮಗು ನೀರು ಕೇಳಿದ ಹಾಗೆ, ಎತ್ತು ಮೇವು ಕೇಳಿದ ಹಾಗೆ. ಇನ್ನೊಂದು ಸೊಗಸೆಂದರೆ ಕನ್ನಡದಲ್ಲಿ ಬೇಡುವುದಕ್ಕೂ ಆಲಿಸುವುದಕ್ಕೂ 'ಕೇಳು' ಎಂಬ ಒಂದೇ ಮಾತು. ಬಾಯಿಯ ಕೆಲಸಕ್ಕೂ ಕಿವಿಯ ಕೆಲಸಕ್ಕೂ ಬೇರೆ ಬೇರೆ ಪದ ಬೇಕೆಂದು ನಮ್ಮ ಹಿರಿಯರಿಗೆ ಅನ್ನಿಸಲೇ ಇಲ್ಲ. ಸೋಮಾರಿತನವೋ ಸೂಕ್ಷ್ಮವೋ, ಎರಡೂ ಕಡೆ ವಾದಿಸಬಲ್ಲೆ. ಗಾಡಿಯನ್ನು ನಾವು 'ಓಡಿಸುವುದೂ' ಇಲ್ಲ, 'ಹೊಡೆಯುತ್ತೇವೆ'. ಚಕ್ಕಡಿಯ ಕಾಲದ ಬಾರುಕೋಲು ಹೋಯಿತು, ಕ್ರಿಯಾಪದ ಹೋಗಲಿಲ್ಲ. ಅದಕ್ಕೇ ಹೊಸ ಗಾಡಿಯಲ್ಲಿ ಮೊದಲ ಸಲ ಹಾನಗಲ್ಲಿಗೆ ಹೋಗಿ ಬಂದ ಅತ್ತೆ ಕೀಲಿಯನ್ನು ಮೇಜಿನ ಮೇಲಿಟ್ಟು ಹೇಳಿದ ಮಾತು ನನಗೆ ಇಂದಿಗೂ ಚುಚ್ಚುತ್ತದೆ:

"ಇದನ್ನ ನಾ ಹೊಡಿಯಾಕತ್ತಿಲ್ಲ ಕಪ್ಪವ್ವ. ಇದು ನನ್ನ ಹೊಡ್ಕೊಂಡ ಹೊಂಟೈತಿ."

ಅಲ್ಲಿಂದ ದೂರುಗಳು ಶುರುವಾದವು. ಕಾಲು ಒತ್ತಿದರೆ ಗಾಡಿ ಕ್ಷಣಹೊತ್ತು ಯೋಚಿಸುತ್ತದೆ, ಆಮೇಲೆ ಏನೋ ನೆನಪಾದವರ ಹಾಗೆ ದಡಕ್ಕನೆ ನೆಗೆಯುತ್ತದೆ. ಕಬ್ಬಿನ ಟ್ರ್ಯಾಕ್ಟರನ್ನು ದಾಟಬೇಕೆಂದಾಗ ಯೋಚನೆ, ದಾಟುವುದು ಬೇಡವೆಂದಾಗ ನೆಗೆತ. ಎರಡನೆಯ ಗೇರಿಗೂ ಮೂರನೆಯದಕ್ಕೂ ನಡುವೆ ಅದಕ್ಕೆ ಮನಸ್ಸು ನಿಲ್ಲದು. ಸಂತೆಯಲ್ಲಿ ಸೀರೆ ಆರಿಸುವವರ ಹಾಗೆ ಇದೋ ಅದೋ ಎಂದು ತುಯ್ದಾಡುತ್ತದೆ. ರಸ್ತೆಯಲ್ಲಿ ಕುರಿ ಅಡ್ಡ ಬಂದು ನಿಂತರೆ ಇಂಜಿನ್ನೂ ತಾನಾಗಿ ನಿಂತುಬಿಡುತ್ತದೆ. ಮೊದಲ ಸಲ ಹಾಗಾದಾಗ ಅತ್ತೆ, "ಸತ್ತ ಹೋತು!" ಎಂದು ಇಳಿದೇಬಿಟ್ಟಿದ್ದಳು.

ನಾನು ಪ್ರತಿಯೊಂದಕ್ಕೂ ಉತ್ತರ ಕೊಟ್ಟೆ. ಗಾಡಿಯ ಜೊತೆ ಬಂದ ದಪ್ಪ ಪುಸ್ತಕವನ್ನು ಮನೆಯಲ್ಲಿ ಪೂರ್ತಿ ಓದಿದವಳು ನಾನೊಬ್ಬಳೇ. ನನ್ನ ಮುಖ್ಯ ವಾದವೆಂದರೆ ತಪ್ಪು ಗಾಡಿಯದಲ್ಲ, ಅಭ್ಯಾಸದ್ದು ಎಂಬುದು. ಅದಕ್ಕೆ ಸಾಕ್ಷಿಯೂ ಸಿಕ್ಕಿತು. ಸವಣೂರಿನಿಂದ ಬರುವಾಗ ಒಂದು ಹಂಪು ಎದುರಾಯಿತು. ಇಷ್ಟು ವರ್ಷ ಕ್ಲಚ್ ತುಳಿದ ಅತ್ತೆಯ ಎಡಗಾಲು ಡಾಕ್ಟರ ಮಾತು ಮರೆತು, ಇಲ್ಲದ ಕ್ಲಚ್ಚನ್ನು ಹುಡುಕಿಕೊಂಡು ಹೋಗಿ, ಸಿಕ್ಕ ಅಗಲವಾದ ಬ್ರೇಕನ್ನು ಪೂರ್ತಿ ತುಳಿಯಿತು. ಗಾಡಿ ಮೂಗಿನ ಮೇಲೆ ನಿಂತಿತು. ನನ್ನ ತೊಡೆಯ ಮೇಲೆ ಬಾಯಿ ಬಿಚ್ಚಿಕೊಂಡಿದ್ದ ಸವಣೂರು ಖಾರಸೇವಿನ ಪೊಟ್ಟಣ ಗಾಜಿಗೆ ಬಡಿದು ಒಳಗೆಲ್ಲ ಮಳೆಗರೆಯಿತು. ಎಸಿಯ ಕಿಂಡಿಗಳಿಂದ ಇಂದಿಗೂ ಒಮ್ಮೊಮ್ಮೆ ಒಂದು ಎಳೆ ಖಾರ ಹಾರಿ ಬರುತ್ತದೆ. ಅದೊಂದೇ ಈ ಗಾಡಿಯ ಸೌಲಭ್ಯಗಳಲ್ಲಿ ಅತ್ತೆಗೆ ಹಿಡಿಸಿದ್ದು.

ಗಾಡಿ ಕೊಂಡ ಅಂಗಡಿಗೆ ಹೋದೆವು. ಟೈ ಕಟ್ಟಿದ ಹುಡುಗನೊಬ್ಬ ಗಾಡಿಗೆ ಕಂಪ್ಯೂಟರ್ ಜೋಡಿಸಿ, ಬಹಳ ಹೊತ್ತು ನೋಡಿ, "ಏನೂ ದೋಷ ಇಲ್ಲರೀ ಮೇಡಂ," ಎಂದ.

"ಕುಂಡಲಿ ನೋಡಿದಂಗ ಹೇಳ್ತೀಯಲ್ಲೋ ತಮ್ಮಾ," ಎಂದಳು ಅತ್ತೆ. "ದೋಷ ಇಲ್ಲ, ಆದ್ರ ಬಾಳೇ ಮಾಡಾಕ ಬರವಲ್ದು."

"ಹಂಗಲ್ಲರೀ. ಗಾಡಿ ನಿಮ್ಮ ಕಾಲಿನ ರೂಢಿ ಕಲಿಯಾಕತ್ತೈತ್ರಿ. ಸ್ವಲ್ಪ ದಿನ ಹಿಡಿತೈತ್ರಿ."

"ಈಗ ಸಾಲ್ಯಾಗ ಎಷ್ಟನೇತ್ತದಾಗ ಐತಿ?"

ಹುಡುಗ ನಕ್ಕ. ಅತ್ತೆ ನಗಲಿಲ್ಲ. ಮನೆ ಮುಟ್ಟಿದ ಮೇಲೆ, ಸೋಮವಾರದಿಂದ ಡ್ರೈವರನೊಬ್ಬ ಬರುತ್ತಾನೆ ಎಂದಳು. ಆಗಲೇ ಹೇಳಿಯಾಗಿತ್ತು.

"ಮತ್ತ ನೀ?"

"ನಾ ಹಿಂದ ಕುಂಡ್ರತೇನಿ."

ಎಷ್ಟೋ ಸಭೆಗಳಲ್ಲಿ ಎದುರಾಳಿಯ ಮಾತಿಗೆ ಬೆವರದ ನಾನು ಆ ಮೂರು ಶಬ್ದಕ್ಕೆ ಬೆವರಿದೆ. ಅತ್ತೆ ಹಿಂದೆ ಕೂಡುವುದೇ? ಹಿಂದಿನ ಸೀಟಿನಲ್ಲಿ ಕುಳಿತವರು ಡ್ರೈವರನ ಊಟದ ಹೊತ್ತಿಗೆ ಹೊರಡಬೇಕು, ಅವನ ರಜೆಯ ದಿನ ಮನೆಯಲ್ಲಿರಬೇಕು. ಹೂವು ಯಾರ ರಜೆಯನ್ನೂ ನೋಡುವುದಿಲ್ಲ. ಇವತ್ತು ಹಿಂದಿನ ಸೀಟು, ನಾಳೆ ಮನೆಯ ಪಡಸಾಲೆ. ಅವಳು ಹೊಡೆಯುವುದನ್ನು ಬಿಡದಿರಲಿ ಎಂದೇ ಬಂದ ಗಾಡಿ ಅವಳ ಕೈಯಿಂದ ಸ್ಟೇರಿಂಗು ಬಿಡಿಸಿತ್ತು. ಬಿಡಿಸಿದ್ದು ಗಾಡಿಯೂ ಅಲ್ಲ, ನನ್ನ ಮೂರು ಅಂಶಗಳು.

ಭಾನುವಾರ ಕೊನೆಯದೊಂದು ಸುತ್ತಿಗೆ ಹೊರಟಳು. ನಾನೂ ಪಕ್ಕದಲ್ಲಿ ಏರಿ ಕುಳಿತೆ. ನೀನೇ ಹೊಡೆಯಬೇಕೆಂಬ ನನ್ನ ವಾದ ಹಾನಗಲ್ಲು ಬಂದರೂ ಮುಗಿದಿರಲಿಲ್ಲ. ಶಿಗ್ಗಾಂವಿ ದಾಟಿದರೂ ಮುಗಿಯಲಿಲ್ಲ. ಗಾಜು ಏರಿಸಿತ್ತು, ಒಳಗೆ ತಂಪು, ನಿಶ್ಶಬ್ದ, ಮತ್ತು ನಾನು. 'ಸ್ಪೋರ್ಟ್' ಎಂಬ ಗುಂಡಿ ಒತ್ತಿ ನೋಡೆಂದೆ. ಒತ್ತಿದಳು. ಗಾಡಿ ಗೂಳಿಯಂತಾಯಿತು. ತೆಗೆದಳು. ಗಾಡಿ ಮತ್ತೆ ಯೋಚನೆಗೆ ಬಿತ್ತು.

ಹುಲಗೂರಿನ ಹತ್ತಿರ ಹುಸೇನಬಿಯ ಮೆಣಸಿನ ತಾಕು. ಅಲ್ಲಿ ಹೂ ಮುಟ್ಟಿಸುವ ಹೆಂಗಸರ ಮುಖಂಡಳು ಅವಳೇ. ನಮ್ಮ ಗಾಡಿ ಕಂಡು ರಸ್ತೆಯ ನಡುವೆಯೇ ಬಂದು ನಿಂತು, ಕೈ ಅಡ್ಡ ಹಾಕಿದಳು. ಅತ್ತೆ ಗಾಜು ಇಳಿಸಿದಳು.

"ಏನ್ರೀ ಅಕ್ಕಾರ! ಹ್ವಾದ ವಾರ ಇದ ಜಾಗಾದಾಗ ಎಷ್ಟ ಒದರೇನಿ! ಕೈ ಮಾಡಿ ಮಾಡಿ ನನ್ನ ಬಳಿ ಒಡದ್ವು. ಸುಂಯ್ ಅಂತ ಹೋದ್ರಲ್ಲಾ!"

"ಕೇಳಲಿಲ್ಲವಾ ಹುಸೇನಬಿ, ಗಾಜ ಏರಿಸಿತ್ತು."

"ಗಾಡಿ ದೊಡ್ಡದ ಬಂದ್ರ ಕಿವಿ ಸಣ್ಣು ಆಗ್ತಾವೇನ್ರೀ?"

ಅತ್ತೆ ಮನಸಾರೆ ನಕ್ಕಳು. ಆ ಗಾಡಿಯೊಳಗೆ ಅವಳು ನಕ್ಕಿದ್ದು ನಾನು ಕಂಡ ಹಾಗೆ ಅದೇ ಮೊದಲು. ಇಳಿದು ಹೂವು ನೋಡಿದಳು, ಎರಡು ಸಾಲು ನಾಳೆಗೆ ಬಿಡಿ ಎಂದಳು. ಹೊರಟ ಮೇಲೂ ಹುಸೇನಬಿ ಬದುವಿನ ಮೇಲಿಂದ ಏನೋ ಕೂಗುತ್ತಲೇ ಇದ್ದಳು, ಅತ್ತೆ ಕತ್ತು ಹೊರಗೆ ಹಾಕಿ ಉತ್ತರ ಕೊಡುತ್ತಲೇ ಇದ್ದಳು. ಹಾಗಾಗಿ ಗಾಜು ಏರಲಿಲ್ಲ. ಧೂಳು ಒಳಗೆ ಬಂತು. ನನ್ನ ನಾಲ್ಕನೆಯ ಅಂಶ ಶುರು ಮಾಡಲು ನಾನು ಬಾಯಿ ತೆರೆದೆ.

"ಶ್! ಗಪ್ಪ್ ಕುಂಡ್ರು."

ಮುಂದೆ ಸಣ್ಣದೊಂದು ಏರು. ಅತ್ತೆ ಕಿವಿಯನ್ನು ಕಿಟಕಿಯ ಕಡೆ ವಾಲಿಸಿದ್ದಳು, ಒಲೆಯ ಮೇಲಿನ ಹಾಲಿನ ಸದ್ದು ಕೇಳುವವರ ಹಾಗೆ. ಆಗ ನನಗೂ ಕೇಳಿಸಿತು. ಬಾನೆಟ್ಟಿನ ಕೆಳಗಿನಿಂದ, ಗಂಟಲು ಸರಿಪಡಿಸಿಕೊಳ್ಳುವಂಥ, ಸಭ್ಯವಾದ ಒಂದು ಗುರುಗುರು. ಅತ್ತೆ ಬಲಗಾಲನ್ನು ಒಂದು ಕೂದಲೆಳೆಯಷ್ಟು ಎತ್ತಿದಳು. ಗೇರು ಬಿತ್ತು, ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ. ದಡಕ್ ಇಲ್ಲ, ನೆಗೆತ ಇಲ್ಲ. ಮುಂದಿನ ಏರಿನಲ್ಲಿ ಮತ್ತೆ ಗುರುಗುರು, ಮತ್ತೆ ಕಾಲು ಕೊಂಚ ಹಗುರ, ಮತ್ತೆ ಬೆಣ್ಣೆ.

"ಕೇಳ್ತಲ್ಲ!" ಎಂದಳು ಅತ್ತೆ.

ಗಾಡಿ ಬೇಡಿತು ಎಂದಳೋ, ತನ್ನ ಕಿವಿಗೆ ಬಿತ್ತು ಎಂದಳೋ, ಗಾಡಿ ತನ್ನ ಮಾತು ಆಲಿಸಿತು ಎಂದಳೋ, ಆ ಒಂದು ಮಾತಿನಲ್ಲಿ ಮೂರೂ ಇದ್ದವು. ಯಾವುದೆಂದು ನಾನು ಕೇಳಲಿಲ್ಲ. ಗಾಡಿ ಮೊದಲ ದಿನದಿಂದಲೂ ಕೇಳುತ್ತಲೇ ಇತ್ತೇನೋ. ಒಂದು ಸಪ್ಪಳವೂ ಒಳಗೆ ಬರದ ಹಾಗೆ ಮಾಡಿದ್ದೇ ಅದರ ಹೆಚ್ಚುಗಾರಿಕೆ ಎಂದು ಕಟ್ಟೆಯ ಮೇಲೆ ನಿಂತು ಹೊಗಳಿದವಳು ನಾನು.

ಅಲ್ಲಿಂದ ಸವಣೂರಿಗೆ ನಾಲ್ಕೂ ಗಾಜು ಇಳಿಸಿಕೊಂಡು, ಎಸಿ ಆರಿಸಿ ಹೋದೆವು. ಎಲೆ ತೋಟದ ತಂಪು ಗಾಳಿ, ಲಾರಿಯ ಹೊಗೆ, ಎಲ್ಲವೂ ಅಪ್ಪಣೆ ಕೇಳದೆ ಒಳಗೆ ಬಂದವು. ಖಾರದ ಅಂಗಡಿಯ ಮುಂದೆ ನಿಂತಾಗ ಅಂಗಡಿಯವನು ಇಣುಕಿ, "ಇಷ್ಟ ದೊಡ್ಡ ಗಾಡಿ, ಎಸಿ ಕೆಟ್ಟೈತೇನ್ರೀ ಅಕ್ಕಾರ?" ಎಂದ.

"ಇಲ್ಲಪಾ. ಕಿವಿ ರಿಪೇರಿ ಆಗ್ಯಾವು," ಎಂದಳು.

ಸೋಮವಾರ ಡ್ರೈವರ್ ಬಂದ. ಅತ್ತೆ ಅವನಿಗೆ ಚಹಾ ಕೊಟ್ಟು, ಹಳೆಯ ಜೀಪಿನ ಕೀಲಿಯನ್ನು ಕೈಗಿಟ್ಟು, ಸಸಿಯ ಟ್ರೇ ಸಾಗಿಸುವ ಕೆಲಸ ಹೇಳಿದಳು. "ಅದು ಕೇಳತೈತಿ. ಕೇಳಿದಾಗ ಕೊಡಬೇಕು, ಒತ್ತಾಯ ಮಾಡಬಾರ್ದು," ಎಂದು ತಾಕೀತು ಮಾಡಿ, ತಾನು ಬೂದು ಗಾಡಿಯ ಸ್ಟೇರಿಂಗಿನ ಹಿಂದೆ ಹೋಗಿ ಕುಳಿತಳು.

ನಾನು ಅನುಮಾನದ ಪ್ರಾಣಿ, ಇಷ್ಟಕ್ಕೆ ನಂಬಿಬಿಡುವವಳಲ್ಲ. ಗಾಡಿ ಸುಧಾರಿಸಿದ್ದು ಗಾಜು ಇಳಿಸಿದ್ದರಿಂದಲೋ, ಅತ್ತೆಯ ಕಾಲು ಹಗುರಾದದ್ದರಿಂದಲೋ, ಅಥವಾ ಆ ಟೈ ಹುಡುಗ ಹೇಳಿದಂತೆ ಅಷ್ಟು ಹೊತ್ತಿಗೆ ಗಾಡಿಯ ಕಲಿಕೆ ಮುಗಿದಿತ್ತೋ? ಮೂರನ್ನೂ ಬೇರೆ ಬೇರೆ ಮಾಡಿ ಪರೀಕ್ಷಿಸದೆ ತೀರ್ಮಾನಿಸಲಾಗದು ಎಂದು ಅತ್ತೆಯ ಮುಂದೆ ವಿವರವಾಗಿಯೇ ಹೇಳಿದೆ. ಎರಡು ದಿನ ಗಾಜು ಏರಿಸಿ ಹೊಡೆದು ನೋಡೆಂದೂ ಸೂಚಿಸಿದೆ. ಗಾಡಿ ಇವತ್ತಿಗೂ ಪೂರ್ತಿ ನೆಟ್ಟಗಾಗಿಲ್ಲ. ಎರಡಕ್ಕೂ ಮೂರಕ್ಕೂ ನಡುವೆ ಒಮ್ಮೊಮ್ಮೆ ತಿಣುಕುತ್ತದೆ. ಅತ್ತೆ ಅದನ್ನು ಬೈಯುತ್ತಾಳೆ. ಬೈಗುಳ ಈಗ ಮನೆಯವರನ್ನು ಬೈಯುವ ಧಾಟಿಯದು.

ಇದರಿಂದ ನಮ್ಮ ಮನೆಯಲ್ಲಿ ಒಂದು ಹೊಸ ನುಡಿಗಟ್ಟು ಮಾತ್ರ ಹುಟ್ಟಿಕೊಂಡಿತು. ಯಾರಾದರೂ ಎದುರಿನವರ ಮಾತು ಕಿವಿಗೆ ಹಾಕಿಕೊಳ್ಳದೆ ಮಾತಾಡುತ್ತಿದ್ದರೆ ಅತ್ತೆ ಹೆಬ್ಬೆರಳನ್ನು ಗುಂಡಿ ಒತ್ತುವಂತೆ ಕೆಳಗೆ ಮಾಡಿ ತೋರಿಸುತ್ತಾಳೆ. ಮೊನ್ನೆ ಜಗಲಿಯ ಮೇಲೆ, ಆ ಮೂರು ಸಾಧ್ಯತೆಗಳ ಬಗ್ಗೆ ನಾನು ಎರಡನೆಯ ಸುತ್ತಿನ ವಾದ ಹೂಡಿದ್ದೆ. ಅವಳು ಬದನೆ ಬೀಜ ಆರಿಸುತ್ತಿದ್ದವಳು ತಲೆ ಎತ್ತಿ, ಹೆಬ್ಬೆರಳು ಒತ್ತಿ ಹೇಳಿದಳು:

"ಗಾಜ ಇಳಸ, ಕಪ್ಪವ್ವ."

ನನ್ನ ಬಳಿ ಉತ್ತರವಿತ್ತು. ಒಳ್ಳೆಯ ಉತ್ತರ, ಕಪ್ಪು ಗೆಲ್ಲುವಂಥದ್ದು. ಗಾಜು ಇಳಿಸಿದೆ.