ಒಂದನೇ ತರಗತಿಗೆ ತೆರವಾದ ದಫ್ತರದ ಕೋಣೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ನಾಲ್ಕೂ ಕಡೆ ಶಿಕ್ಷಣ ಇಲಾಖೆಯ ಗುಮಾಸ್ತನಾಗಿ ಕುರ್ಚಿ ಸವೆಸಿದ್ದೇನೆ. ಇದು ಯಾವ ಕಚೇರಿಯ ಮಾತೆಂದು ಹೇಳಲಾರೆ. ಇದರಲ್ಲಿ ಬರುವ ಆಡಿಟ್ ಆಕ್ಷೇಪಣೆ ಇನ್ನೂ ಆರೋಗ್ಯವಾಗಿದೆ.

ನಮ್ಮ ಹಳೆಯ ಬಿಲ್ಲುಗಳು ಪಕ್ಕದ ಶಾಲೆಯ ಒಂದು ಕೋಣೆಯಲ್ಲಿ ಕೆಂಪು ರುಮಾಲು ಸುತ್ತಿಕೊಂಡು ವಿಶ್ರಾಂತಿಯಲ್ಲಿದ್ದವು. ಸೀಮೆಸುಣ್ಣದ ಬಿಲ್ಲು, ಕರೆಂಟ್ ಬಿಲ್ಲು, ಮಾಸ್ತರರ ಪಗಾರದ ಬಿಲ್ಲು. ಅವು ಒಳಗಿದ್ದುದರಿಂದ ಒಂದನೇ ತರಗತಿಯ ಮಕ್ಕಳು ಪಡಸಾಲೆಯಲ್ಲಿದ್ದರು. ಬೇಸಿಗೆ ರಜೆ ಮುಗಿಯುವ ವಾರ ಮುಖ್ಯೋಪಾಧ್ಯಾಯಿನಿ ನಮ್ಮ ಸೂಪರಿಂಟೆಂಡೆಂಟ್ ಮೇಡಂ ಎದುರು ಬಂದು ನಿಂತರು.

"ಮೇಡಮ್ಮಾರ, ಸೋಮವಾರ ಸಾಲಿ ಚಾಲೂ ಆಕ್ಕೈತ್ರಿ. ಬಿಸಿಲು ಸರದಂಗ ಹುಡುಗರನ್ನ ಸರಸಿ ಸರಸಿ ಸಾಕಾಗೈತಿ. ಈ ಸಲ ಖೋಲಿ ಬೇಕ್ರಿ."

"ಕೊಡೂಣ್ರಿ ಅಕ್ಕಾರ. ಆದರ ಬಿಚ್ಚಿ ನೋಡಲಾರದ ಒಂದು ಗಂಟೂ ಹೊರಗ ಹೋಗಂಗಿಲ್ಲ."

ಅವಧಿ ಮುಗಿದ ಬಿಲ್ಲುಗಳ ನಾಶಕ್ಕೆ ಮೇಲಿನಿಂದ ಮಂಜೂರಾತಿ ಬಂದಿತ್ತು. ಮೇಡಂ ಸೆರಗು ಸಿಕ್ಕಿಸಿ ನೆಲದ ಮೇಲೆ ಕುಳಿತರು. ನಾನು ಓದಿ ಹೇಳುವುದು, ಅವರು ತಲೆಯಾಡಿಸುವುದು, ಜವಾನ ಹರಿದು ನೀರಿನ ಟಾಕಿಗೆ ಹಾಕುವುದು. ಇಷ್ಟು ವಿಧಿವತ್ತಾಗಿ ಸ್ನಾನ ಮಾಡಿಸಿ ಬೀಳ್ಕೊಟ್ಟದ್ದನ್ನು ನಾನು ಮನುಷ್ಯರ ವಿಷಯದಲ್ಲೂ ಕಂಡಿಲ್ಲ.

ಟೆಂಪೋ ತಂದಿದ್ದ ರದ್ದಿ ವ್ಯಾಪಾರಿಯ ಮುಖ ಕಪ್ಪಿಟ್ಟಿತು. "ಏನ್ರಿ ಬಾಯಾರ, ಒಣಾ ಕಾಗದಾ ಕೊಡ್ತಾರಂತ ಬಂದ್ರ ಅಂಬಲಿ ಮಾಡಿ ಕೊಡಾಕ ಹತ್ತೀರಲ್ರಿ!"

"ಸಹಿ ಇದ್ದ ಕಾಗದಾ ಇಡೀದ ಕೊಡಂಗಿಲ್ಲ. ನಮ್ಮ ಮಾಸ್ತರ ಪಗಾರದ ಬಿಲ್ಲಿನ್ಯಾಗ ಮಿರ್ಚಿ ಭಜಿ ಕಟ್ಟಿದ್ದು ಕಣ್ಣಾರೆ ನೋಡೇನಿ," ಎಂದರು ಮೇಡಂ.

ಶನಿವಾರ ಸಂಜೆಗೆ ಕೋಣೆಯಲ್ಲಿ ಉಳಿದದ್ದು ಒಂದೇ ಗಂಟು: ಡೆಸ್ಕು ಖರೀದಿಯ ಬಿಲ್ಲುಗಳು. ಅವುಗಳ ಮೇಲೆ ಆಡಿಟ್‌ನವರ ಆಕ್ಷೇಪಣೆ ತೀರಿರಲಿಲ್ಲ. ತೀರುವವರೆಗೆ ಅವನ್ನು ನಾಶ ಮಾಡುವಂತಿಲ್ಲ, ಕೀಲಿಯಿಲ್ಲದೆ ಇಡುವಂತೆಯೂ ಇಲ್ಲ. ಕಚೇರಿಯ ಕಪಾಟುಗಳೆಲ್ಲ ಭರ್ತಿ.

"ಇಲ್ಲೇ ಇಟ್ಟು ಕೀಲಿ ಜಡಿಯೋಣ್ರಿ," ಎಂದೆ ನಾನು.

"ಒಂದು ಗಂಟಿಗೆ ಒಂದು ಖೋಲಿಯೇನ್ರಿ?" ಮುಖ್ಯೋಪಾಧ್ಯಾಯಿನಿಯ ದನಿ ಒಡೆಯಿತು. "ನನ್ನ ಹುಡುಗರು ಕಾಗದಕ್ಕಿಂತ ಕಡಿಮಿ ಆದವೇನ್ರಿ?"

ಮೇಡಂ ನನ್ನನ್ನು ವೋಚರ್ ಇಲ್ಲದ ಬಿಲ್ಲನ್ನು ನೋಡುವಂತೆ ನೋಡಿದರು. ಗಂಟನ್ನು ತಾವೇ ಎತ್ತಿಕೊಂಡು ಕಚೇರಿಗೆ ನಡೆದರು. ತಮ್ಮ ಸ್ವಂತ ಬಳಕೆಯ ಕಪಾಟಿನಿಂದ ಊಟದ ಡಬ್ಬಿ, ಕೊಡೆ, ಶಾಲು, ಹಳೆಯ ಚಪ್ಪಲಿ ಎಲ್ಲವನ್ನೂ ಹೊರಹಾಕಿ ಗಂಟನ್ನು ಒಳಗಿಟ್ಟು ಕೀಲಿ ಹಾಕಿದರು. ಕೋಣೆಯ ಕೀಲಿಯನ್ನು ಮುಖ್ಯೋಪಾಧ್ಯಾಯಿನಿಯ ಕೈಗಿತ್ತರು. ನಿಯಮವೂ ಮುರಿಯಲಿಲ್ಲ, ಮಕ್ಕಳೂ ಹೊರಗುಳಿಯಲಿಲ್ಲ. ಇಲಾಖೆಯಲ್ಲಿ ಇವೆರಡೂ ಒಟ್ಟಿಗೆ ಆದದ್ದನ್ನು ಕಂಡವನು ನಾನು, ನಂಬುವವರು ನಂಬಲಿ.

ಸೋಮವಾರ ಆ ಕೋಣೆಯಿಂದ ಎದ್ದ ಗದ್ದಲಕ್ಕೆ ನನ್ನ ಕೂಡಿಸುವ ಲೆಕ್ಕ ತಪ್ಪಿತು. ಕಿಟಕಿ ಮುಚ್ಚಲು ಎದ್ದೆ. ಮೇಜಿನ ಕೆಳಗೆ ಡಬ್ಬಿ, ಚಪ್ಪಲಿ ತುಂಬಿದ್ದರಿಂದ ಕಾಲಿಗೆ ಜಾಗವಿಲ್ಲದೆ ಓರೆಯಾಗಿ ಕುಳಿತಿದ್ದ ಮೇಡಂ ತಲೆ ಎತ್ತದೆ ಹೇಳಿದರು:

"ಇರಲಿ ಬಿಡ್ರಿ. ಇನ್ನೊಮ್ಮೆ ಕೂಡಸ್ರಿ."